ಒಂದು ತಂಬಿಗೆ ನೀರು

“ನಿನ್ನ ಮನಸ್ಸಲ್ಲಿ ನನ್ನ ಮೇಲೆ ಏನಾದ್ರೂ ಇದ್ಯಾ?”

ಅಡುಗೆಮನೆಯ ಬಾಗಿಲಿಗೆ ಆನಿಕೊಂಡು ಮಾವ ಈ ಪ್ರಶ್ನೆ ಕೇಳಿದಾಗ ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು. ಇದೇ ಪ್ರಶ್ನೆಯನ್ನು ಅವರು ಆಗಲೇ ಹೆಂಡತಿಗೆ ಕೇಳಿ ‘ಏನೂ ಇಲ್ಲ’ ಎನ್ನಿಸಿಕೊಂಡಿದ್ದರು. ಅಂಗಳದಲ್ಲಿ ಹಲಗೆ ಅಳೆಯುತ್ತಿದ್ದ ಕಿರಿಯ ಮಗನಿಗೆ ಕೇಳಿ ‘ನಂಗೇನಿರುತ್ತಪ್ಪ, ಏನೂ ಇಲ್ಲ’ ಎನ್ನಿಸಿಕೊಂಡಿದ್ದರು. ಉಳಿದವಳು ಇವಳೊಬ್ಬಳು, ತೀರಿಹೋದ ಹಿರಿಯ ಮಗನ ಹೆಂಡತಿ. ಅದೇ ಎರಡು ಮಾತು ಇವಳ ಬಾಯಿಂದಲೂ ಉದುರಿದ್ದರೆ ಮನೆಮಂದಿಯೆಲ್ಲ ಊಟಕ್ಕೆ ಕೂರಬಹುದಿತ್ತು.

ಸೊಸೆ ಚಾಕುವನ್ನು ಕೆಳಗಿಟ್ಟಳು. ಉರಿಯುತ್ತಿದ್ದ ಕಣ್ಣನ್ನು ತೋಳಿಗೆ ಒರೆಸಿಕೊಂಡಳು. ಮಾವನ ಮುಖವನ್ನು ನೇರವಾಗಿ ನೋಡಿದಳು.

“ಇದೆ ಮಾವ.”

ಒಳಕೋಣೆಯಿಂದ ಅತ್ತೆ ಬಿರುಗಾಳಿಯಂತೆ ಬಂದಳು. “ಏನಂದೆ? ಇನ್ನೊಂದ್ಸಲ ಹೇಳು! ಸಾಯೋ ಮುದುಕ ಬಾಗಿಲಲ್ಲಿ ನಿಂತು ಕೇಳ್ತಿದ್ರೆ ‘ಇದೆ’ ಅಂತೀಯಾ? ಹಾವಿಗೆ ಹಾಲೆರೆದ ಹಾಗಾಯ್ತಲ್ಲ! ನಾಲಿಗೆಗೆ ಎಲುಬಿಲ್ಲ ಅಂತ ಹೇಗೆ ಬೇಕಾದ್ರೂ ಹೊರಳಿಸೋದಾ?”

“ನಾಲಿಗೆಗೆ ಎಲುಬಿಲ್ಲ ಅತ್ತೆ, ನಿಜ. ಹಾಗಿದ್ರೂ ನಂದು ಹೊರಳ್ತಿಲ್ಲ. ಏನ್ಮಾಡ್ಲಿ?”

ಮಾವ ಗೋಡೆಯನ್ನು ಹಿಡಿದುಕೊಂಡು ಅಂಗಳದಾಚೆಯ ತಮ್ಮ ಮರಗೆಲಸದ ಕಾರ್ಖಾನೆಯ ಕಡೆಗೆ ನಡೆದುಬಿಟ್ಟರು.

ಆ ಪ್ರಶ್ನೆಯ ಹಿಂದೆ ಒಂದು ಕಟ್ಟಳೆಯಿತ್ತು. ಅವರು ಸೇರಿದ್ದ ಪುಟ್ಟ ಕ್ರೈಸ್ತ ಸಭೆಯಲ್ಲಿ, ಕ್ರಿಸ್ತನ ಹೆಸರಿನಲ್ಲಿ ನೀರಿನಲ್ಲಿ ಮುಳುಗಿ ಏಳುವ ದೀಕ್ಷಾಸ್ನಾನವನ್ನು ಪಡೆಯುವವರು ನೀರಿಗಿಳಿಯುವ ಮುನ್ನ ಮನೆಯ ಪ್ರತಿಯೊಬ್ಬರನ್ನೂ ಹೀಗೆ ಕೇಳಬೇಕು. ಪ್ರತಿಯೊಬ್ಬರೂ ‘ಏನೂ ಇಲ್ಲ’ ಎನ್ನಬೇಕು. ಒಬ್ಬರು ‘ಇದೆ’ ಎಂದರೂ ಸ್ನಾನ ನಿಲ್ಲುತ್ತದೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನೊಡನೆ ರಾಜಿಯಾಗು ಎಂಬ ಶಾಸ್ತ್ರದ ಬೋಧನೆಯನ್ನು ಆಧರಿಸಿ ಈ ಕಟ್ಟಳೆಯನ್ನು ರೂಪಿಸಿದವರು ಬೇರಾರೂ ಅಲ್ಲ, ಸಭೆಯ ಹಿರಿಯರಾಗಿದ್ದ ಮಾವನೇ. ಅದೆಷ್ಟು ಮನೆಗಳ ಜಗಳಗಳು ಆ ಒಂದು ಪ್ರಶ್ನೆಯಿಂದ ಬಗೆಹರಿದಿದ್ದವೋ! ಅದೆಷ್ಟು ಜನ ಬಾಯಲ್ಲಿ ‘ಏನೂ ಇಲ್ಲ’ ಎಂದು, ಎದೆಯಲ್ಲಿ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡಿದ್ದರೋ!

ಸಭೆಯ ಹಿರಿಯನಿಗೆ ಈ ವಯಸ್ಸಿನಲ್ಲಿ ದೀಕ್ಷಾಸ್ನಾನವೇ? ಆ ದಿನ ಬೆಳಗ್ಗೆ ಮಾವ ಮನೆಯವರನ್ನೆಲ್ಲ ಕೂರಿಸಿಕೊಂಡು ಬಿಚ್ಚಿಟ್ಟ ಗುಟ್ಟು ಅದೇ. ಪ್ರಾಯದಲ್ಲಿ ಉಳಿ-ಬಾಚಿಗಳ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಈ ಊರಿಗೆ ಬಂದಾಗ ಯಾರೋ ಕೇಳಿದ್ದರಂತೆ: ‘ನಿಮಗೆ ಸ್ನಾನ ಆಗಿದೆ ತಾನೇ?’ ಕೆಲಸ ಕೈತಪ್ಪೀತೆಂಬ ಭಯಕ್ಕೆ ‘ಆಗಿದೆ’ ಎಂದಿದ್ದರಂತೆ. ಆಮೇಲೆ ಹೇಳಲು ಹೊತ್ತು ಮೀರಿತು. ಚಿಕ್ಕಂದಿನಲ್ಲಿ ಕೆರೆಗೆ ಬಿದ್ದು ಬದುಕಿದ್ದ ಅವರಿಗೆ ತಲೆಯ ಮೇಲೆ ನೀರು ಬಂದರೆ ಜೀವವೇ ಹೋದಂತಾಗುತ್ತಿತ್ತು. ಹೀಗೆ ನೂರಾರು ಜನರನ್ನು ನೀರಿನಲ್ಲಿ ಮುಳುಗಿಸಿದ ಮನುಷ್ಯ ತಾನು ಸೊಂಟದವರೆಗೆ ಮಾತ್ರ ಒದ್ದೆಯಾಗಿ ಮುದುಕನಾಗಿದ್ದ. ಈಗ ಹೃದಯ ಸೋತಿತ್ತು. ಸಾವು ಬಾಗಿಲು ತಟ್ಟುವ ಮೊದಲು ಸ್ನಾನ ಮುಗಿಸಿಕೊಳ್ಳಬೇಕೆಂಬ ಆಸೆ ಹುಟ್ಟಿತ್ತು. ಶನಿವಾರ ಕಾರ್ಖಾನೆಯ ಬಾಗಿಲು ಮುಚ್ಚಿಕೊಂಡು, ಸಭೆಗೆ ತಿಳಿಯದಂತೆ, ಮನೆಯವರ ಎದುರಿಗಷ್ಟೇ... ಅದು ಅವರ ಏರ್ಪಾಡು.

ಸೊಸೆ ಆ ಗುಟ್ಟನ್ನು ಕೇಳಿದಾಗ ಅಳಲಿಲ್ಲ. ಅವಳೊಳಗೆ ಮೂರು ಚಳಿಗಾಲಗಳ ಹಿಂದಿನ ಒಂದು ಬೆಳಗು ಎದ್ದು ನಿಂತಿತು.

ಆಗ ಅವಳ ಗಂಡ ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಸಾಯುವ ಮುನ್ನ ದೀಕ್ಷಾಸ್ನಾನ ಬೇಕೆಂದು ಕೇಳಿದ್ದ. ಸಭೆಯನ್ನು ನಡೆಸುತ್ತಿದ್ದ ಅಂದಿನ ಮುದಿ ಪಾಲಕರು ಹಾಸಿಗೆಯ ಬಳಿಯೇ ಒಂದು ತಂಬಿಗೆ ನೀರನ್ನು ತರಿಸಿದ್ದರು. “ಹರಿಯೋ ನೀರಿಲ್ಲದಿದ್ರೆ ನಿಂತ ನೀರು, ಅದೂ ಇಲ್ಲದಿದ್ರೆ ತಲೆ ಮೇಲೆ ಮೂರು ಸಲ ಹೊಯ್ದ್ರೂ ಆಗುತ್ತೆ ಅಂತ ಮೊದಲ ಕಾಲದ ವಿಶ್ವಾಸಿಗಳೇ ಬರೆದಿಟ್ಟಿದ್ದಾರೆ, ಹಿರಿಯರೇ,” ಎಂದಿದ್ದರು.

ಶವಪೆಟ್ಟಿಗೆ ಮಾಡುವುದೇ ಮಾವನ ಕಸುಬು. ಅವರ ತರ್ಕವೂ ಆ ಕಸುಬಿನಿಂದಲೇ ಹುಟ್ಟಿದ್ದು. ಆ ತರ್ಕವೇ ಅವರನ್ನು ಹಿರಿಯರನ್ನಾಗಿಸಿತ್ತು. “ಸ್ನಾನ ಅಂದ್ರೆ ಕ್ರಿಸ್ತನ ಜೊತೆ ಹೂಣಲ್ಪಡೋದು ಅಂತ ತಾನೇ ಅಪೊಸ್ತಲ ಬರೆದಿರೋದು? ಪೆಟ್ಟಿಗೆ ಮೇಲೆ ಒಂದು ಹಿಡಿ ಮಣ್ಣು ಉದುರಿಸಿ ಹೂತಾಯ್ತು ಅಂತ ಹೇಳ್ತೀರಾ? ಪೂರ್ತಿ ಮುಚ್ಚಬೇಕು. ಅರ್ಧ ಹೂತ ಹೆಣವನ್ನ ನಾಯಿ ಎಳೀತವೆ, ಪಾಲಕರೇ!”

“ಅಪ್ಪ... ತಂಬಿಗೆ ಸಾಕಲ್ವಾ?” ಎಂದಿದ್ದ ಮಗ, ಕೆಮ್ಮಿನ ನಡುವೆ.

“ಸಾಲದು.”

ಕೊರೆಯುವ ಚಳಿಯಲ್ಲಿ ಅವನನ್ನು ಕುರ್ಚಿಯ ಸಮೇತ ಸಭೆಯ ಕೋಣೆಗೆ ಎತ್ತಿಕೊಂಡು ಹೋದರು. ಮಾವ ತಾವೇ ಹಲಗೆ ಜೋಡಿಸಿ, ಒಳಗೆ ಟಾರ್ಪಾಲು ಹಾಸಿ ಮಾಡಿದ್ದ ತೊಟ್ಟಿಯಲ್ಲಿ, ತಾವೇ ಬೆನ್ನಿಗೆ ಕೈಕೊಟ್ಟು, ತಾವೇ ಎದೆಯ ಮೇಲೆ ಅಂಗೈಯಿಟ್ಟು ಒತ್ತಿ ಮುಳುಗಿಸಿದರು. ಬಟ್ಟೆ ಬದಲಿಸಲು ಕಟ್ಟಿದ್ದ ಪರದೆಯ ಹಿಂದೆ ಒಣಬಟ್ಟೆಗಳನ್ನು ಎದೆಗವಚಿಕೊಂಡು ನಿಂತ ಸೊಸೆಗೆ ನೀರಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಬಹಳ ಹೊತ್ತಿನವರೆಗೆ ನಿಲ್ಲದ ಕೆಮ್ಮು. ಜ್ವರವೇರಿದ ಅವನು ಅದೇ ವಾರ ಕಣ್ಣು ಮುಚ್ಚಿದ. ಪೆಟ್ಟಿಗೆಯನ್ನು ಅಪ್ಪ ಮಾಡಿದರು. ಪೆಟ್ಟಿಗೆಗಳ ಒಳಗೆ ಬಟ್ಟೆಯ ಅಸ್ತರು ಹೊಲಿಯುವುದು ಆ ಮನೆಯಲ್ಲಿ ಸೊಸೆಯ ಕೆಲಸ. ಆ ಪೆಟ್ಟಿಗೆಗೂ ಅವಳೇ ಹೊಲಿದಳು... ಅಯ್ಯೋ! ಯಾವ ಹೆಣ್ಣಿನ ಸೂಜಿಗೂ ಅಂಥ ಬಟ್ಟೆ ಸಿಗದಿರಲಿ!

ಆದರೂ ಅಂದು ಅವಳು ಸಮಾಧಾನ ತಂದುಕೊಂಡಿದ್ದಳು. ಮಾವ ಕಠಿಣರು, ಆದರೆ ತಾವು ನಂಬಿದ್ದನ್ನು ಮಾಡಿದರು ಎಂದುಕೊಂಡಿದ್ದಳು. ಇಂದು ಬೆಳಗ್ಗೆ ಆ ಸಮಾಧಾನದ ಬುಡವೇ ಕಳಚಿಬಿದ್ದಿತ್ತು. ತನ್ನ ಗಂಡನಿಗೆ ‘ಸಾಲದು’ ಎಂದ ಬಾಯಿ, ತಾನೆಂದೂ ನೀರಿನ ಕೆಳಗೆ ಮುಚ್ಚಿಕೊಳ್ಳದ ಬಾಯಿ!

ಮಧ್ಯಾಹ್ನ ಅವಳು ಕಾರ್ಖಾನೆಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಅತ್ತೆ ಮತ್ತೆ ಬಂದಳು. ಅಕ್ಕಪಕ್ಕದ ಅಂಗಡಿಗಳವರು ಅತ್ತೆಗೆ ‘ಗರಗಸ’ ಎಂದು ಹೆಸರಿಟ್ಟಿದ್ದರು. ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ ಎಂದು ನಗುತ್ತಿದ್ದರು. ಆದರೆ ಆ ದಿನ ಗರಗಸದ ಹಲ್ಲಿನಲ್ಲಿ ಭಯವೂ ಸಿಕ್ಕಿಕೊಂಡಿತ್ತು.

“ನೋಡು, ಗಂಡ ಸತ್ತ ಮೇಲೂ ನಿನ್ನನ್ನ ಈ ಮನೇಲಿ ಇಟ್ಕೊಂಡಿದ್ದು ಯಾಕೆ? ನಿನ್ನ ತವರಿನ ಬಾಗಿಲು ಮುಚ್ಚಿದೆ ಅಂತ. ಅನ್ನ ಹಾಕಿದ್ದೀವಿ, ಮಿಷನ್ ಕೊಟ್ಟಿದ್ದೀವಿ. ಉಂಡ ಮನೆಗೆ ಎರಡು ಬಗೀತೀಯಾ?”

“ಎರಡು ಬಗೀಬಾರದು ಅಂತಾನೇ ‘ಇದೆ’ ಅಂದೆ ಅತ್ತೆ.”

“ಶನಿವಾರದ ಒಳಗೆ ‘ಏನೂ ಇಲ್ಲ’ ಅಂದ್ರೆ ಸರಿ. ಇಲ್ಲಾಂದ್ರೆ ಭಾನುವಾರ ನಿನ್ನ ಗಂಟುಮೂಟೆ ಬೀದೀಲಿರುತ್ತೆ!” ಅತ್ತೆ ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡಳು. “ಅವರು ಸ್ನಾನ ಆಗದೆ ಹಾಗೇ ಸತ್ರೆ... ನನ್ನ ಮಗ ಒಂದು ಕಡೆ, ಇವರು ಇನ್ನೊಂದು ಕಡೆ ಆಗ್ಬಿಟ್ರೆ... ನಾನು ಯಾವ ಕಡೆ ಹೋಗ್ಲೇ ಪಾಪಿ? ಇದನ್ನ ಯೋಚಿಸಿದ್ದೀಯಾ ನೀನು?”

ಈ ಮಾತು ಸೊಸೆಯನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವಳು ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. ಅತ್ತೆ ಮೂಗು ಒರೆಸಿಕೊಂಡು ಹೊರಟುಹೋದಳು.

ಪೆಟ್ಟಿಗೆಗೆ ಅರಗಿನ ಮೆರುಗು ಹಚ್ಚುತ್ತಿದ್ದ ಮೈದುನ ಕುಂಚ ಹಿಡಿದುಕೊಂಡೇ ಹತ್ತಿರ ಬಂದ. “ಅತ್ತಿಗೆ, ಎರಡು ಮಾತಿಗೆ ಇಷ್ಟು ರಂಪ ಯಾಕೆ? ಗಿರಾಕಿಗಳಿಗೆ ದಿನಾ ಹೇಳಲ್ವಾ ನಾವು, ಇದು ಒಳ್ಳೆ ತೇಗದ ಪೆಟ್ಟಿಗೆ ಅಂತ? ಇದೂ ಹಾಗೇ ಅಂದ್ಕೊಳ್ಳಿ.”

“ಪೆಟ್ಟಿಗೇಲಿ ಮಲಗಿದೋನು ಇದು ಯಾವ ಮರ ಅಂತ ಕೇಳಲ್ಲ ಕಣಪ್ಪ. ದೇವರು ಕೇಳ್ತಾನೆ.”

“ಅಯ್ಯೋ, ದೇವರ ಹತ್ರ ವ್ಯಾಪಾರ ಮಾಡೋರು ನಾವಲ್ಲ ಬಿಡಿ,” ಎಂದು ನಗಲು ನೋಡಿದ. ನಗು ಮೂಡಲಿಲ್ಲ. ಅವನಿಗೂ ಒಬ್ಬನೇ ಅಣ್ಣನಿದ್ದದ್ದು.

ಸಂಜೆ ಈಗಿನ ಪಾಲಕ ಬಂದ. ಇನ್ನೂ ಚಿಕ್ಕ ಪ್ರಾಯದವನು. ಮುದಿ ಪಾಲಕರು ತೀರಿಕೊಂಡ ಮೇಲೆ ಸಭೆಗೆ ಬಂದವನು. ಮಾವ ಅವನಿಗೆ ಎಲ್ಲವನ್ನೂ ಹೇಳಿಕೊಂಡಿದ್ದರು. ಮುಗಿಯದ ಪೆಟ್ಟಿಗೆಯೊಂದರ ಅಂಚಿನ ಮೇಲೆ ಕೂತು, ಕೈ ಹಿಸುಕಿಕೊಂಡ.

“ಅಕ್ಕ, ದೀಕ್ಷಾಸ್ನಾನ ಅಂದ್ರೆ ಮೈಕೊಳೆ ತೊಳೆಯೋದಲ್ಲ, ಒಳ್ಳೆ ಮನಸ್ಸಾಕ್ಷಿಗಾಗಿ ದೇವರನ್ನ ಬೇಡಿಕೊಳ್ಳೋದು. ಅಪೊಸ್ತಲರ ಪತ್ರದಲ್ಲಿ ಹಾಗಂತ ಇದೆ. ಹಿರಿಯರು ಬೇಡ್ಕೊಳ್ತಿದ್ದಾರೆ. ನೀವು ಅಡ್ಡ ನಿಂತ್ರೆ ಹೇಗೆ?”

“ಬೇಡ್ಕೊಳ್ಲಿ. ಅದಕ್ಕೆ ಬಾಗಿಲು ಯಾಕೆ ಹಾಕ್ಕೋಬೇಕು?”

“ಮನೆಯವರ ಸಮಾಧಾನ ದೊಡ್ಡದು ಅಕ್ಕ. ಸೆರೆಮನೆಯ ಅಧಿಕಾರಿಯ ಕತೆ ನೆನಪಿದೆಯಲ್ಲ? ಭೂಕಂಪವಾಗಿ ಬಾಗಿಲುಗಳೆಲ್ಲ ತೆರೆದುಕೊಂಡ ಆ ರಾತ್ರಿ, ಅವನು ಛಡಿಯೇಟು ತಿಂದು ಸೆರೇಲಿದ್ದ ಅಪೊಸ್ತಲರನ್ನ ಕರ್ಕೊಂಡು ಹೋಗಿ, ಅವರ ಗಾಯ ತೊಳೆದು, ಆಮೇಲೆ ಮನೆಯವರೆಲ್ಲರ ಜೊತೆ ಸ್ನಾನ...”

ಪಾಲಕನ ಮಾತು ಅಲ್ಲಿಗೇ ನಿಂತಿತು. ಎಷ್ಟೋ ಸಲ ಬೋಧಿಸಿದ್ದ ಕತೆ. ಆ ಗಳಿಗೆಯಲ್ಲಿ ಮೊದಲ ಸಲ ಕೇಳಿಸಿಕೊಂಡವನಂತೆ ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡ. “ಗಾಯ ತೊಳೆದು... ಆಮೇಲೆ.”

ಪಾಲಕ ಪೆಟ್ಟಿಗೆಯ ಅಂಚಿನಿಂದ ಎದ್ದು ಅವಳ ಎದುರಿಗೆ ಬಂದು ನಿಂತ.

“ನಿಮಗೇನು ಬೇಕು ಅಕ್ಕ?”

“ನನ್ನ ಗಂಡನನ್ನ ಮುಳುಗಿಸಿದ್ದು ಸಭೆ ಎದುರಿಗೆ. ಅವತ್ತು ಎಲ್ಲರೂ ಹಾಡಿದ್ರು. ಹಿರಿಯರ ನಂಬಿಕೆ ಎಷ್ಟು ದೊಡ್ಡದು, ಮಗನನ್ನೂ ಬಿಡಲಿಲ್ಲ ಅಂತ ಹೊಗಳಿದ್ರು. ಈಗ ಅದೇ ಸಭೆ ಎದುರಿಗೆ ನಿಂತು ಹೇಳ್ಲಿ: ತಾನು ಮುಳುಗಿರಲಿಲ್ಲ ಅಂತ. ಮಗ ತಂಬಿಗೆ ಕೇಳಿದ, ಕೊಡಲಿಲ್ಲ ಅಂತ. ಆಮೇಲೆ ನನ್ನನ್ನ ಕೇಳ್ಲಿ.” ಅವಳು ಹೊಲಿಯುತ್ತಿದ್ದ ಅಸ್ತರನ್ನು ಬದಿಗೆ ಸರಿಸಿದಳು. “ಅಷ್ಟು ಹೇಳಿಬಿಟ್ರೆ ನನ್ನ ಎದೆಯಿಂದ ಇದು ಇಳಿದುಹೋಗುತ್ತೆ, ಪಾಲಕರೇ. ಇಳಿದುಹೋಗ್ಲಿ ಅಂತ ನಂಗೂ ಆಸೆ ಇಲ್ವಾ?”

ಹಲಗೆ ರಾಶಿಯ ಆಚೆ ಹತ್ತರಿಯಿಂದ ಮರ ಉಜ್ಜುತ್ತಿದ್ದ ಸದ್ದು ನಿಂತು ಬಹಳ ಹೊತ್ತಾಗಿತ್ತು. ಮರದ ಹೊಟ್ಟು ಮೆತ್ತಿದ ಕೈಗಳನ್ನು ಜೋತುಬಿಟ್ಟುಕೊಂಡು ಮಾವ ಎದ್ದು ಬಂದರು.

“ಭಾನುವಾರ ಹೇಳ್ತೀನಿ. ಸಭೇಲಿ.”

“ಡಾಕ್ಟರು ತಲೆ ಮುಳುಗಿಸ್ಬಾರ್ದು ಅಂದಿದ್ದಾರೆ, ಹಿರಿಯರೇ. ಎದೆ ತಡೆಯಲ್ಲ. ತಂಬಿಗೆಯಿಂದ...” ಎಂದು ಪಾಲಕ ಬಾಯಿ ತೆರೆದ.

“ತಂಬಿಗೆ ಮಾತು ಆಡ್ಬೇಡಿ!” ಮುದುಕ ಗುಡುಗಿದರು. “ಮುಳುಗೋದೇ. ಎದೆ ನಿಂತ್ರೆ ನಿಲ್ಲಲಿ.”

ಅಂದು ರಾತ್ರಿ ಅತ್ತೆ ಗಂಡನ ಕಾಲು ಹಿಡಿದಳು. “ಇಷ್ಟು ವರ್ಷದ ಮರ್ಯಾದೆ ರೀ! ನಿಮ್ಮ ಕೈಯಲ್ಲಿ ಮುಳುಗಿದೋರೆಲ್ಲ ಏನಂದ್ಕೊಳ್ತಾರೆ? ತಮ್ಮ ಸ್ನಾನವೂ ಸುಳ್ಳು ಅನ್ನಲ್ವಾ?” ಮಾವ ಅವಳ ಕೈಗಳನ್ನು ಬಿಡಿಸಿ ಹಾಸಿಗೆಯ ಮೇಲಿಟ್ಟರು. “ನೀರು ನಂದಾಗಿರಲಿಲ್ಲ ಕಣೇ. ಅವರ ಸ್ನಾನಕ್ಕೇನಾಗಲ್ಲ. ಆಗೋದು ನನಗೆ,” ಎಂದರು.

ಭಾನುವಾರ ಬಂತು. ಸಭೆ ಕೂಡುತ್ತಿದ್ದದ್ದು ದೀಪದ ಸಾಮಾನಿನ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ. ಬೆಂಚುಗಳನ್ನು ಹಿಂದಕ್ಕೆ ಸರಿಸಿ ಮೈದುನ ತೊಟ್ಟಿಯ ಹಲಗೆಗಳನ್ನು ಜೋಡಿಸಿದ್ದ. ಯಾರಿಗೆ ಸ್ನಾನವೆಂದು ಯಾರಿಗೂ ತಿಳಿದಿರಲಿಲ್ಲ. ಎಲ್ಲರ ಕಣ್ಣುಗಳೂ ಹೊಸ ಮುಖವನ್ನು ಹುಡುಕುತ್ತಿದ್ದವು. ಹಾಡು ಮುಗಿದಾಗ, ಸ್ನಾನ ಪಡೆಯುವವರ ಮಣ್ಣುಬಣ್ಣದ ಸಡಿಲ ಅಂಗಿ ತೊಟ್ಟು ತೊಟ್ಟಿಯ ಪಕ್ಕಕ್ಕೆ ಬಂದು ನಿಂತವರು ಹಿರಿಯರು! ಕೋಣೆಯಲ್ಲಿ ಗುಸುಗುಸು ಎದ್ದಿತು.

“ನಾನು...” ಮಾವ ತೊಟ್ಟಿಯ ಅಂಚನ್ನು ಹಿಡಿದುಕೊಂಡರು. “ನಾನು ಇವತ್ತಿನವರೆಗೆ ಸ್ನಾನ ತಗೊಂಡಿಲ್ಲ. ಆಗಿದೆ ಅಂತ ಸುಳ್ಳು ಹೇಳಿದ್ದೆ. ನೀರಿಗೆ ಹೆದರ್ತಿದ್ದೆ. ನಿಮ್ಮನ್ನೆಲ್ಲ ಮುಳುಗಿಸಿದೆ, ನಾನು ಮುಳುಗಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ಹೊರಟುಹೋದರು. ಅವರ ಹಿಂದೆ ಇನ್ನಿಬ್ಬರು. ಮಾವ ಆ ಹೆಜ್ಜೆಗಳ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಕಾದರು.

“ಇನ್ನೂ ಇದೆ. ನನ್ನ ದೊಡ್ಡ ಮಗ... ನಿಮಗೆ ಗೊತ್ತು. ಪಾಲಕರು ತಂಬಿಗೆ ತಂದಿದ್ರು. ಅವನೂ ಕೇಳಿದ, ಅಪ್ಪ ತಂಬಿಗೆ ಸಾಕಲ್ವಾ ಅಂತ. ನಾನು ಸಾಲದು ಅಂದೆ. ಯಾಕಂದೆ ಗೊತ್ತಾ? ಶಾಸ್ತ್ರಕ್ಕಲ್ಲ. ತಂಬಿಗೆಯಿಂದ ಆಗುತ್ತೆ ಅಂದ್ಬಿಟ್ರೆ... ನಾನೂ ತಗೋಬಹುದಿತ್ತಲ್ಲ, ಇಷ್ಟು ವರ್ಷ ಸುಮ್ನೆ ಸುಳ್ಳಾಡಿದೆನಲ್ಲ, ಅಂತ ಆಗ್ತಿತ್ತು. ಅದಕ್ಕೆ... ಅದಕ್ಕೆ ಸಾಲದು ಅಂದೆ!”

ಅತ್ತೆ ಬಾಯಿಗೆ ಬಟ್ಟೆಯಿಟ್ಟುಕೊಂಡು ಕುಸಿದು ಕೂತಳು. ಈ ಕೊನೆಯ ಮಾತನ್ನು ಅವಳೂ ಕೇಳಿರಲಿಲ್ಲ, ಸೊಸೆಯೂ ಕೇಳಿರಲಿಲ್ಲ. ಮಾವ ಹೆಂಡತಿಯ ಕಡೆ, ಆಮೇಲೆ ಮಗನ ಕಡೆ, ಕೊನೆಗೆ ಸೊಸೆಯ ಕಡೆ ತಿರುಗಿದರು.

“ನಿನ್ನ ಮನಸ್ಸಲ್ಲಿ ನನ್ನ ಮೇಲೆ ಏನಾದ್ರೂ ಇದ್ಯಾ ತಾಯಿ?”

ಸೊಸೆ ತನ್ನ ಎದೆಯೊಳಗೆ ಕೈಹಾಕಿ ತಡಕಿದಳು. ಕೇಳಿದ್ದೆಲ್ಲ ಸಿಕ್ಕಿತ್ತು. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಈಗ ಅದು ಇಳಿದುಹೋಗಬೇಕಿತ್ತಲ್ಲವೇ? ದೇವರೇ... ಅದು ಅಲ್ಲಿಯೇ ಇತ್ತು! ತನ್ನ ಜಾಗದಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. ಇಡೀ ಸಭೆ ಅವಳ ಬಾಯಿಯನ್ನೇ ನೋಡುತ್ತಿತ್ತು. ಅತ್ತೆಯ ಕಣ್ಣುಗಳು ಭಿಕ್ಷೆ ಬೇಡುತ್ತಿದ್ದವು.

“ಇದೆ ಮಾವ,” ಎಂದಳು, ಅಳುತ್ತಾ. “ನೀವು ಹೇಳಿದ್ರೆ ಹೋಗುತ್ತೆ ಅಂದ್ಕೊಂಡಿದ್ದೆ. ಹೋಗಿಲ್ಲ. ನಂಗೆ ಸುಳ್ಳು ಹೇಳೋಕೆ ಬರ್ತಿಲ್ಲ.”

ಪಾಲಕ ಗ್ರಂಥವನ್ನು ಮುಚ್ಚಿದ. ಕಟ್ಟಳೆಯೆಂದರೆ ಕಟ್ಟಳೆ. ಮಾವ ತಲೆಯಾಡಿಸಿದರು, ತಾವೇ ಕಟ್ಟಿದ ಗೋಡೆಗೆ ತಾವೇ ಹಣೆ ಹಚ್ಚಿದವರಂತೆ ಒಂದು ಗಳಿಗೆ ನಿಂತು, ಮೆಟ್ಟಿಲಿನ ಕಡೆಗೆ ಹೆಜ್ಜೆಯಿಟ್ಟರು.

“ನಿಲ್ಲಿ ಮಾವ!” ಸೊಸೆ ಕೂಗಿದಳು. “ಪಾಲಕರೇ, ಗ್ರಂಥದ ಇನ್ನೊಂದು ಕತೇಲಿ ರಥದಲ್ಲಿ ಹೋಗ್ತಿದ್ದ ಆ ಅಧಿಕಾರಿ ದಾರೀಲಿ ನೀರು ಕಂಡು, ನನಗೆ ಸ್ನಾನಕ್ಕೆ ಅಡ್ಡಿಯೇನು ಅಂತ ಕೇಳಿದ್ನಲ್ಲ... ಅವನ ಮನೆಯವರನ್ನ ಕೇಳ್ಕೊಂಡು ಬಾ ಅಂದ್ರಾ ಯಾರಾದ್ರೂ?”

“ಇಲ್ಲ ಅಕ್ಕ. ರಥ ನಿಲ್ಲಿಸಿ, ಅವನೂ ಸ್ನಾನ ಕೊಟ್ಟೋರೂ ಇಬ್ಬರೂ ನೀರಿಗಿಳಿದ್ರು.”

“ಹಾಗಾದ್ರೆ ಈ ಕಟ್ಟಳೆ ಮಾವಂದು, ದೇವರದ್ದಲ್ಲ. ನನ್ನ ಹತ್ರ ಇರೋದು ನನ್ನ ಹತ್ರ ಇರ್ಲಿ. ಅದು ಹೋಗೋ ದಿನ ಹೋಗ್ಲಿ, ಹೋಗದಿದ್ರೆ ನನ್ನ ಪೆಟ್ಟಿಗೆಗೆ ಬರ್ಲಿ. ಅವರಿಗೆ ಸ್ನಾನ ಕೊಡಿ.”

ಮಾವ ತಿರುಗಿ ಬಂದರು. ತೊಟ್ಟಿಯ ಅಂಚು ದಾಟಿಸಿ ಒಂದು ಕಾಲನ್ನು ನೀರಿಗಿಟ್ಟರು. ಈ ಸಲ ತಲೆಯೂ ಮುಳುಗಬೇಕಿತ್ತು; ಕಣಕಾಲಿಗೆ ನೀರು ತಾಕಿದ್ದೇ ತಡ, ಎದೆ ಏದುಸಿರಿಗೆ ಸಿಕ್ಕಿತು; ಮುಖ ಬೂದಿಬಣ್ಣಕ್ಕೆ ತಿರುಗಿತು. ಆದರೂ ಇನ್ನೊಂದು ಕಾಲನ್ನೂ ಎತ್ತಿದರು. ಆ ಮುಖದಲ್ಲಿದ್ದದ್ದು ಭಕ್ತಿಯಲ್ಲ. ತೀರಿಸಿ ಹೋಗಿಬಿಡುವ ಆತುರ. ಸೊಸೆ ಅದನ್ನು ಕಂಡಳು. ಓಡಿಬಂದು ರಟ್ಟೆ ಹಿಡಿದಳು.

“ಮುಳುಗಿ ಸತ್ತು ಸರಿಮಾಡ್ತೀನಿ ಅಂದ್ಕೊಂಡಿದ್ದೀರಾ? ಅಷ್ಟು ಸುಲಭ ಅಲ್ಲ ಮಾವ. ಬನ್ನಿ ಆಚೆ. ಪಾಲಕರೇ, ತಂಬಿಗೆ ತನ್ನಿ.”

“ಬೇಡ! ಅವನಿಗೆ ಕೊಡದ್ದು ನನಗೆ ಬೇಡ!”

“ನಿಮಗೆ ಬೇಕೋ ಬೇಡವೋ ಅಂತ ಯಾರೂ ಕೇಳ್ತಿಲ್ಲ. ಇದು ಕೊಡ್ತಿರೋದು. ತಗೊಳ್ಳಿ.”

ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಮೈದುನ ತೊಟ್ಟಿಯಿಂದಲೇ ತಂಬಿಗೆ ತುಂಬಿಕೊಟ್ಟ. ಪಾಲಕ ತಂದೆಯ, ಮಗನ, ಪವಿತ್ರಾತ್ಮನ ಹೆಸರನ್ನು ಹೇಳುತ್ತಾ ಆ ಬಿಳಿಯ ತಲೆಯ ಮೇಲೆ ಮೂರು ಸಲ ನೀರನ್ನು ಹೊಯ್ದ. ನೀರು ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ ಇಳಿಯಿತು. ಮುದುಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ದೊಡ್ಡದೇನೋ ಇನ್ನೂ ಬರಲಿದೆ ಎಂದು ಕಾಯುವವರಂತೆ.

“ಆಯ್ತು, ಹಿರಿಯರೇ.”

“ಆಯ್ತಾ?” ಕಣ್ಣು ತೆರೆದರು. “ಇಷ್ಟೇನಾ?”

“ಇಷ್ಟೇ.”

“ಇಷ್ಟು ಸಾಕಾ?”

“ಸಾಕು. ದೇವರ ಎದುರಿಗೆ ನಿಮ್ಮ ಸ್ನಾನ ಪೂರ್ತಿಯಾಯ್ತು.”

ಮಾವ ಖಾಲಿ ತಂಬಿಗೆಯನ್ನು ನೋಡಿದರು. ಅದರೊಳಗೆ ಬಗ್ಗಿ ನೋಡಿದರು. ಆಮೇಲೆ ಸೊಸೆಯ ಮುಖವನ್ನು ನೋಡಿದರು. ನೀರು ತೊಟ್ಟಿಕ್ಕುತ್ತಿದ್ದ ತುಟಿಗಳು ನಾಲ್ಕಾರು ಸಲ ಅಲುಗಿ, ಕೊನೆಗೆ ಸದ್ದು ಹೊರಟಿತು.

“ಹಾಗಾದ್ರೆ... ಅವನಿಗೂ ಸಾಕಾಗ್ತಿತ್ತು.”

ಪಾಲಕ ತಲೆ ತಗ್ಗಿಸಿದ. ಅತ್ತೆ, ಮೊದಲ ಸಲ, ಸೊಸೆಯ ಕಡೆ ಕೈ ಮುಗಿದಳು: ಏನಾದರೂ ಹೇಳು, ಇಲ್ಲವೆನ್ನು, ಆ ಕಾಯಿಲೆ ಹೇಗೂ ಬಿಡುತ್ತಿರಲಿಲ್ಲವೆನ್ನು...

ಸೊಸೆ ಬೆಂಚಿನ ಮೇಲಿದ್ದ ಒಣ ಟವೆಲನ್ನು ಎತ್ತಿಕೊಂಡಳು. ಮಾವನ ತಲೆಯ ಮೇಲೆ ಹೊದಿಸಿದಳು.

“ಹೌದು ಮಾವ,” ಎಂದಳು. “ಸಾಕಾಗ್ತಿತ್ತು.”

ಟವೆಲಿನ ಕೆಳಗೆ ಆ ಮುದಿ ತಲೆ ನಡುಗತೊಡಗಿತು. ಅವಳು ಬಿಡಲಿಲ್ಲ, ನೆಗಡಿಯಾದೀತೆಂದು ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ಒಂದು ಹನಿಯೂ ಉಳಿಯದಂತೆ ಒರೆಸುತ್ತಲೇ ನಿಂತಳು.